ಪೈಥಾನ್ ಕಲಿಯುವವರೇ ಎಚ್ಚರ: ಒಂದಕ್ಷರ ತಪ್ಪಿದರೆ ಫೈಲ್ ಖಾಲಿ!

ಪೈಥಾನ್ ಕೋರ್ಸ್‌ನ ಮೊದಲ ಪಾಠಗಳಲ್ಲಿ ಎಲ್ಲವೂ ಸ್ಕ್ರೀನ್ ಮೇಲೆಯೇ. ಹೆಸರು ಕೇಳುವುದು, ಲೆಕ್ಕ ಮಾಡುವುದು, ಉತ್ತರ ತೋರಿಸುವುದು. ಪ್ರೋಗ್ರಾಂ ಮುಗಿದರೆ ಅದೆಲ್ಲ ಮಾಯ. ಮಾಹಿತಿ ನಾಳೆಗೂ ಉಳಿಯಬೇಕೆಂದರೆ ಫೈಲ್‌ನಲ್ಲಿ ಬರೆದಿಡಬೇಕು. ಅಲ್ಲಿಯವರೆಗೆ ತಪ್ಪು ಮಾಡಿದರೆ ಒಂದು ಎರರ್ ಬರುತ್ತಿತ್ತು, ಅಷ್ಟೇ. ಇಲ್ಲಿ ತಪ್ಪಿದರೆ ಇದ್ದದ್ದೂ ಹೋಗುತ್ತದೆ.

ಫೈಲ್ ತೆರೆಯಲು 'ಓಪನ್' ಎಂಬ ಫಂಕ್ಷನ್ ಇದೆ. ಫೈಲ್ ಹೆಸರಿನ ಜೊತೆ ಅದಕ್ಕೆ ಒಂದಕ್ಷರದ ಮೋಡ್ ಕೊಡಬೇಕು. 'ಆರ್' ಎಂದರೆ ಓದಲು ಮಾತ್ರ; ಏನೂ ಕೊಡದಿದ್ದರೆ ಪೈಥಾನ್ ಇದನ್ನೇ ಬಳಸುತ್ತದೆ. 'ಎ' ಎಂದರೆ ಇದ್ದದ್ದರ ಕೊನೆಗೆ ಸೇರಿಸಲು. 'ಡಬ್ಲ್ಯು' ಎಂದರೆ ಬರೆಯಲು, ಆದರೆ ಹಳೆಯದನ್ನೆಲ್ಲ ಅಳಿಸಿ ಬರೆಯಲು.

ದಿನದ ಖರ್ಚು ಬರೆದಿಡುವ ಪ್ರೋಗ್ರಾಂ ಮಾಡಿದ್ದೀರಿ ಎನ್ನಿ. 'ಎ' ಬದಲು 'ಡಬ್ಲ್ಯು' ಹಾಕಿದರೆ ತಿಂಗಳ ಕೊನೆಯಲ್ಲಿ ಸಿಗುವುದು ಕೊನೆಯ ದಿನದ ಖರ್ಚೊಂದೇ. ಗಮನಿಸಿ, ಹಳೆಯದು ಅಳಿಯುವುದು ಹೊಸ ಸಾಲು ಬರೆಯುವಾಗಲ್ಲ, ಫೈಲ್ ತೆರೆದ ಕ್ಷಣದಲ್ಲೇ. 'ಅಳಿಸಲೇ?' ಎಂದು ಪೈಥಾನ್ ಕೇಳುವುದಿಲ್ಲ. ರೀಸೈಕಲ್ ಬಿನ್‌ನಲ್ಲಿ ಹುಡುಕಿದರೂ ಸಿಗುವುದಿಲ್ಲ.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಪೆಟ್ಟು ಕಾದಿದೆ. ವಿಂಡೋಸ್‌ನಲ್ಲಿ ಪೈಥಾನ್ ಬಹುಕಾಲದಿಂದ ಫೈಲ್‌ಗೆ ಬಳಸುತ್ತ ಬಂದಿರುವುದು ಸಿಸ್ಟಂನ ಹಳೆಯ ಕೋಡ್ ಪೇಜ್ ಅನ್ನು. ಇಂಗ್ಲಿಷ್ ಸೆಟ್ಟಿಂಗ್ ಇರುವ ಕಂಪ್ಯೂಟರ್‌ಗಳಲ್ಲಿ ಅದು ಸಾಮಾನ್ಯವಾಗಿ 1252. ಅದರಲ್ಲಿ ಕನ್ನಡ ಅಕ್ಷರಗಳೇ ಇಲ್ಲ! 'ಹಾಲು, ತರಕಾರಿ' ಎಂದು ಬರೆಯಹೊರಟರೆ ಯೂನಿಕೋಡ್ ಎರರ್ ಬಂದು ಪ್ರೋಗ್ರಾಂ ನಿಲ್ಲುತ್ತದೆ. ಮೋಡ್ 'ಡಬ್ಲ್ಯು' ಆಗಿದ್ದರಂತೂ ಹಳೆಯದು ಆಗಲೇ ಅಳಿದಿರುತ್ತದೆ, ಹೊಸದು ಬರೆದಿರುವುದಿಲ್ಲ. ಉಳಿಯುವುದು ಸೊನ್ನೆ ಬೈಟ್‌ನ ಫೈಲ್. ಇದಕ್ಕೆ ಪರಿಹಾರ ಸುಲಭ: 'ಓಪನ್' ಬರೆಯುವಾಗಲೇ ಎನ್‌ಕೋಡಿಂಗ್ ಯುಟಿಎಫ್-8 ಎಂದು ತಿಳಿಸಿ. ಓದುವಾಗಲೂ ಅದನ್ನೇ ಕೊಡಿ. (ಯುಟಿಎಫ್-8ರಲ್ಲಿ 'ಕ'ಗೆ 3 ಬೈಟ್, ದೀರ್ಘ ಸೇರಿ 'ಕಾ' ಆದರೆ 6 ಬೈಟ್. ಫೈಲ್ ಗಾತ್ರ ನೋಡಿ ಗಾಬರಿಯಾಗಬೇಡಿ.)

ಬರೆದ ಸಾಲುಗಳು ಕೂಡಲೇ ಡಿಸ್ಕ್‌ಗೆ ಹೋಗದೆ ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಕಾಯುವುದುಂಟು. ಫೈಲ್ ಮುಚ್ಚದೆ ತೆರೆದು ನೋಡಿದರೆ ಏನೂ ಕಾಣದಿರುವುದು ಇದೇ ಕಾರಣಕ್ಕೆ. 'ವಿತ್' ಬಳಸಿ ತೆರೆದರೆ ನಡುವೆ ಎರರ್ ಬಂದರೂ ಪೈಥಾನೇ ಫೈಲ್ ಮುಚ್ಚುತ್ತದೆ. ಅಂದಹಾಗೆ, 'ಪ್ರಿಂಟ್'ನಂತೆ 'ರೈಟ್' ತಾನಾಗಿ ಹೊಸ ಸಾಲಿಗೆ ಹೋಗುವುದಿಲ್ಲ. ಬ್ಯಾಕ್‌ಸ್ಲ್ಯಾಶ್ ಎನ್ ಅನ್ನು ನೀವೇ ಸೇರಿಸಬೇಕು.

ಹೊಚ್ಚಹೊಸ ಫೈಲ್ ಮಾಡುವಾಗ 'ಡಬ್ಲ್ಯು' ಬದಲು 'ಎಕ್ಸ್' ಮೋಡ್ ಬಳಸಬಹುದು. 2012ರಲ್ಲಿ ಬಂದ ಪೈಥಾನ್ 3.3ರಿಂದ ಇದು ಲಭ್ಯ. ಅದೇ ಹೆಸರಿನ ಫೈಲ್ ಮೊದಲೇ ಇದ್ದರೆ 'ಎಕ್ಸ್' ಅದನ್ನು ಮುಟ್ಟುವುದೇ ಇಲ್ಲ, ಎರರ್ ಕೊಟ್ಟು ನಿಲ್ಲುತ್ತದೆ.