ಹೋಸ್ ಹಟ ಹಿಡಿದಾಗ ಸುತ್ತಿಗೆ ಕೆಳಗಿಡಿ

ಟ್ರ್ಯಾಕ್ಟರ್ ಲೋಡರ್‌ನ ಹೈಡ್ರಾಲಿಕ್ ಕಪ್ಲರ್ ಕೂಡದೆ ಸತಾಯಿಸುವುದಕ್ಕೆ ಕಾರಣವಿದೆ. ಅದನ್ನು ಅರಿತವರಿಗೆ ಕೈಬಲವೇ ಸಾಕು.

ಮುಂಗಾರು ಹತ್ತಿರವಾದಂತೆ ತಿಪ್ಪೆಗೊಬ್ಬರ ಹೊಲ ಸೇರಬೇಕು, ಕೆರೆಯ ಹೂಳು ತೋಟಕ್ಕೆ ಬರಬೇಕು. ಹಿಂದೆ ಆಳುಗಳು ಮಂಕರಿ ಹೊತ್ತು ದಿನಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ಈಗ ಟ್ರ್ಯಾಕ್ಟರ್ ಮುಂದೆ ಕಟ್ಟಿದ ಲೋಡರ್ ಮುಗಿಸುತ್ತದೆ. ಆದರೆ ತಿಂಗಳುಗಟ್ಟಲೆ ಬಿಚ್ಚಿಟ್ಟಿದ್ದ ಲೋಡರನ್ನು ಮತ್ತೆ ಕಟ್ಟುವ ದಿನ ಬೆರಳುದ್ದದ ಕಬ್ಬಿಣದ ತುಂಡೊಂದು ಎಲ್ಲವನ್ನೂ ನಿಲ್ಲಿಸಿಬಿಡುತ್ತದೆ. ತೋಳುಗಳು ಜಾಗಕ್ಕೆ ಬಂದಿವೆ, ಪಿನ್ನು ಹಾಕಿದ್ದಾಗಿದೆ. ನಾಲ್ಕು ಹೋಸ್‌ಗಳಲ್ಲಿ ಎರಡು ಕ್ಲಿಕ್ ಎಂದು ಕೂತವು, ಉಳಿದೆರಡು ಏನು ಮಾಡಿದರೂ ಒಳಗೆ ಹೋಗಲೊಲ್ಲವು. ಆಗ ಯಾರಾದರೊಬ್ಬರು ಸುತ್ತಿಗೆ ತರುತ್ತಾರೆ. ಆ ಸುತ್ತಿಗೆ ಏಕೆ ಬೇಡ ಎಂಬುದನ್ನು ಟ್ರ್ಯಾಕ್ಟರ್ ಇಟ್ಟುಕೊಂಡ ಪ್ರತಿ ಮನೆಯವರೂ ತಿಳಿದಿರಬೇಕು.

ಅಡ್ಡ ನಿಂತಿರುವುದು ಎಣ್ಣೆ

ಕ್ವಿಕ್ ಕಪ್ಲರ್‌ಗೆ ಎರಡು ಭಾಗ, ಒಂದು ಗಂಡು, ಒಂದು ಹೆಣ್ಣು. ಬಿಚ್ಚಿದಾಗ ಎಣ್ಣೆ ಚೆಲ್ಲಬಾರದೆಂದು ಎರಡರೊಳಗೂ ಸ್ಪ್ರಿಂಗ್ ಒತ್ತಿ ಹಿಡಿದ ಪುಟ್ಟ ವಾಲ್ವ್ ಇರುತ್ತದೆ. ಕೂಡಿಸುವಾಗ ಒಂದರ ಮೂಗು ಇನ್ನೊಂದರ ಮೂಗನ್ನು ಹಿಂದಕ್ಕೆ ತಳ್ಳಿ ಎರಡೂ ತೆರೆದುಕೊಳ್ಳಬೇಕು. ಸ್ಪ್ರಿಂಗ್ ಒಂದೇ ಆಗಿದ್ದರೆ ಕೈಯಿಂದ ತಳ್ಳಿಬಿಡಬಹುದು. ವಾಲ್ವ್ ಹಿಂದೆ ಒತ್ತಡದಲ್ಲಿರುವ ಎಣ್ಣೆ ಸಿಕ್ಕಿಕೊಂಡಿದ್ದರೆ ಲೆಕ್ಕವೇ ಬೇರೆ. 12 ಮಿ.ಮೀ. ವ್ಯಾಸದ ವಾಲ್ವ್ ಎಂದುಕೊಳ್ಳಿ. ಎಣ್ಣೆಯಲ್ಲಿ 50 ಬಾರ್ ಒತ್ತಡ ಉಳಿದಿದ್ದರೆ ಅದನ್ನು ಸರಿಸಲು ಸುಮಾರು 58 ಕೆ.ಜಿ. ಬಲ ಬೇಕು. 100 ಬಾರ್ ಇದ್ದರೆ 115 ಕೆ.ಜಿ. ಎಷ್ಟೇ ಗಟ್ಟಿ ತೋಳಾದರೂ ಬಗ್ಗಿ ನಿಂತು, ಜಾರುವ ಹೋಸ್ ಹಿಡಿದು ಅಷ್ಟು ಬಲ ಹಾಕಲಾರದು.

ಎಂಜಿನ್ ನಿಲ್ಲಿಸಿದ ಮೇಲೂ ಈ ಒತ್ತಡ ಎಲ್ಲಿಂದ ಬರುತ್ತದೆ? ಮೊದಲ ಮೂಲ ಭಾರ. ಬಕೆಟ್ಟನ್ನು ನೆಲಕ್ಕೆ ಪೂರ್ತಿ ಊರದೆ ಹೋಸ್ ಬಿಚ್ಚಿದರೆ ಅದರ ತೂಕ ಸಿಲಿಂಡರಿನ ಎಣ್ಣೆಯ ಮೇಲೇ ಕೂತಿರುತ್ತದೆ. ಎರಡನೆಯದು ಬಿಸಿಲು. ನಮ್ಮಲ್ಲಿ ಇದರದೇ ಪಾಲು ದೊಡ್ಡದು. ಎಣ್ಣೆ ಕಾದರೆ ಹಿಗ್ಗುತ್ತದೆ, ಆದರೆ ಎರಡೂ ಕಡೆ ಮುಚ್ಚಿದ ಹೋಸ್‌ನಲ್ಲಿ ಅದಕ್ಕೆ ಹೋಗಲು ಜಾಗವಿಲ್ಲ. ಗಟ್ಟಿ ಉಕ್ಕಿನೊಳಗೆ ಮುಚ್ಚಿದ ಎಣ್ಣೆ ಒಂದು ಡಿಗ್ರಿ ಸೆಲ್ಸಿಯಸ್ ಕಾದರೆ ಒತ್ತಡ ಸುಮಾರು 10 ಬಾರ್ ಏರುತ್ತದೆ. ರಬ್ಬರ್ ಹೋಸ್ ಕೊಂಚ ಉಬ್ಬಿ ಅದನ್ನು ತಗ್ಗಿಸುತ್ತದೆ ನಿಜ. ಆದರೂ ಬೆಳಗಿನ ತಂಪಿನಲ್ಲಿ ಬಿಚ್ಚಿಟ್ಟ ಲೋಡರ್ ರಾಯಚೂರು, ಕಲಬುರಗಿಯ ಮಧ್ಯಾಹ್ನದ ಬಿಸಿಲಲ್ಲಿ ಕಾದರೆ ಕಪ್ಲರ್ ಕೂಡದಿರಲು ಅಷ್ಟು ಸಾಕು.

ಬಿಚ್ಚುವಾಗಲೇ ಅರ್ಧ ಕೆಲಸ

ಹಾಗಾಗಿ ಸುಲಭವಾಗಿ ಕೂಡಿಸುವ ವಿದ್ಯೆ ಶುರುವಾಗುವುದು ಬಿಚ್ಚುವ ದಿನ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ಲೋಡರಿನ ಸ್ಟ್ಯಾಂಡ್ ಊರಿ, ಬಕೆಟ್ ನೆಲಕ್ಕೆ ಕೂರಿಸಿ, ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಆರಿಸಿ. ಬಳಿಕ ಲೋಡರ್ ಲಿವರನ್ನು ನಾಲ್ಕೂ ದಿಕ್ಕಿಗೆ, ಕೊನೆಯವರೆಗೆ, ಹಲವು ಸಲ ಆಡಿಸಿ. ಫ್ಲೋಟ್ ಸ್ಥಾನವಿದ್ದರೆ ಅಲ್ಲಿಗೂ ತನ್ನಿ. ಸಿಕ್ಕಿಕೊಂಡ ಎಣ್ಣೆ ಟ್ಯಾಂಕಿಗೆ ಮರಳಿ ಒತ್ತಡ ಇಳಿಯುತ್ತದೆ. ವಿದ್ಯುತ್ತಿನಿಂದ ತೆರೆಯುವ ವಾಲ್ವ್ ಇರುವ ಟ್ರ್ಯಾಕ್ಟರಾದರೆ ಎಂಜಿನ್ ನಿಂತಿದ್ದರೂ ಕೀಲಿ ಆನ್‌ನಲ್ಲಿರಬೇಕು, ಇಲ್ಲದಿದ್ದರೆ ಲಿವರ್ ಆಡಿಸಿಯೂ ಪ್ರಯೋಜನವಿಲ್ಲ. ಆಮೇಲೆ ಹೋಸ್ ಬಿಚ್ಚಿ, ಧೂಳಿನ ಕ್ಯಾಪ್ ಹಾಕಿ, ತುದಿಗಳನ್ನು ನೆರಳಲ್ಲಿ ಇಳಿಬಿಡಿ. ಯಾವುದು ಎಲ್ಲಿಗೆ ಎಂಬ ಗೊಂದಲ ತಪ್ಪಲು ಹೋಸ್‌ಗೂ ಪೋರ್ಟಿಗೂ ಒಂದೇ ಬಣ್ಣದ ಟೇಪು ಸುತ್ತಿದರೆ ಮುಂದಿನ ಸಲ ಯಾರು ಕಟ್ಟಿದರೂ ತಪ್ಪುವುದಿಲ್ಲ.

ಕೂಡಿಸುವಾಗಲೂ ಇದೇ ಕ್ರಮ. ಎಂಜಿನ್ ಆರಿಸಿ ಲಿವರ್ ಆಡಿಸಿದರೆ ಟ್ರ್ಯಾಕ್ಟರ್ ಕಡೆಯ ಒತ್ತಡ ಹೋಗುತ್ತದೆ. ಎರಡೂ ಮೂಗುಗಳನ್ನು ಶುಭ್ರ ಬಟ್ಟೆಯಿಂದ ಒರೆಸಿ ನಾಲ್ಕು ಹನಿ ಎಣ್ಣೆ ಸವರಿ. ಇಲ್ಲಿ ಅಂಟಿದ ಮರಳು ಒಳಗೆ ಹೋದರೆ ಪಂಪು, ವಾಲ್ವು, ಸೀಲು ಎಲ್ಲವನ್ನೂ ಗೀರುತ್ತದೆ. ನೇರ ಹಿಡಿದು ತಳ್ಳಿ. ಓರೆಯಾದರೆ ಒಳಗಿನ ಓ-ರಿಂಗ್ ಹರಿಯುತ್ತದೆ. ಕೂತ ಮೇಲೆ ಒಮ್ಮೆ ಹಿಂದಕ್ಕೆ ಜಗ್ಗಿ ನೋಡಿ.

ಆದರೂ ಕೂಡದಿದ್ದರೆ?

ಆಗ ಒತ್ತಡ ಉಳಿದಿರುವುದು ಲೋಡರ್ ಕಡೆಯಲ್ಲಿ. ಬಿಸಿಲಿನ ಕೂಸನ್ನು ನೆರಳೇ ಸಮಾಧಾನ ಮಾಡುತ್ತದೆ. ಲೋಡರಿಗೆ ನೆರಳು ಮಾಡಿ, ಸಿಲಿಂಡರ್ ಮತ್ತು ಹೋಸ್ ಮೇಲೆ ಒದ್ದೆ ಗೋಣಿಚೀಲ ಹಾಕಿ ಕಾಯಿರಿ, ಇಲ್ಲವೇ ಬೆಳಗಿನ ಜಾವ ಕಟ್ಟಿ. ಸ್ಕ್ರೂ ತಿರುಗಿಸಿ ವಾಲ್ವನ್ನು ನಿಧಾನವಾಗಿ ಒತ್ತುವ, ಒತ್ತಡ ಇಳಿಸುವ ಚಿಕ್ಕ ಸಾಧನವೂ ಇದೆ. ಪದೇ ಪದೇ ಲೋಡರ್ ಬಿಚ್ಚಿ ಕಟ್ಟುವವರು ಅದೊಂದನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಹೋಸ್‌ನ ನಟ್ಟನ್ನು ಸ್ಪ್ಯಾನರಿನಿಂದ ಸಡಿಲಿಸಿ ಒತ್ತಡ ಬಿಡುವ ಕೆಲಸ ಅನುಭವಿ ಮೆಕ್ಯಾನಿಕ್‌ಗೆ ಸೇರಿದ್ದು. ಅದೂ ಲೋಡರಿನ ಭಾರವೆಲ್ಲ ನೆಲದ ಮೇಲಿದೆ ಎಂದು ಖಾತ್ರಿಯಾದ ಮೇಲೆ.

ಸುತ್ತಿಗೆ ಏಟಿಗೂ ಎಣ್ಣೆ ಹೊರಬಂದು ಕಪ್ಲರ್ ಕೂಡಬಹುದು. ಆದರೆ ಆ ಏಟಿಗೆ ವಾಲ್ವಿನ ಮೂಗು ಜಜ್ಜುತ್ತದೆ, ಅಂಚಿನಲ್ಲಿ ಮುಳ್ಳು ಏಳುತ್ತದೆ. ಆ ಮುಳ್ಳು ಪ್ರತಿಸಲವೂ ಓ-ರಿಂಗನ್ನು ಕೊಯ್ದು ಸೋರಿಕೆ ಶುರುವಾಗುತ್ತದೆ. ಹೊಮ್ಮುವ ಎಣ್ಣೆ ಕಣ್ಣಿಗೂ ಸಿಡಿಯಬಹುದು.

ಒತ್ತಡವೇ ಇಲ್ಲದೆಯೂ ಕೂಡದಿದ್ದರೆ ಜೋಡಿಯೇ ತಪ್ಪಿರಬಹುದು. ಐಎಸ್‌ಒ 7241ರಲ್ಲಿ ಎ ಮತ್ತು ಬಿ ಎಂಬ ಎರಡು ಸರಣಿಗಳಿವೆ, ಒಂದರ ಗಂಡು ಇನ್ನೊಂದರ ಹೆಣ್ಣಿಗೆ ಕೂರದು. ಥ್ರೆಡ್‌ಗಳಲ್ಲೂ ಇದೇ ತೊಡಕು. ಅರ್ಧ ಇಂಚಿನ ಬಿಎಸ್‌ಪಿ ಮತ್ತು ಎನ್‌ಪಿಟಿ ಎರಡಕ್ಕೂ ಇಂಚಿಗೆ 14 ಸುತ್ತು. ಹಾಗಾಗಿ ಮೊದಲು ಸಲೀಸಾಗಿ ಹತ್ತುತ್ತವೆ. ಆದರೆ ಬಿಎಸ್‌ಪಿ ಹಲ್ಲಿನ ಕೋನ 55 ಡಿಗ್ರಿ, ಎನ್‌ಪಿಟಿಯದು 60. ಎಷ್ಟು ಬಿಗಿದರೂ ಆ ಜೋಡಿ ಸೋರುತ್ತದೆ. ಅಂಗಡಿಗೆ ಹೋಗುವಾಗ ಹಳೆಯ ತುಂಡನ್ನೇ ಒಯ್ದು ಹೋಲಿಸಿ ತರುವುದೇ ಸರಿ.

ಅರ್ಧ ಕೂತರೆ ಹೆಚ್ಚು ಅಪಾಯ

ಪೂರ್ತಿ ಕೂಡದ ಕಪ್ಲರ್‌ನಿಂದ ಎಣ್ಣೆ ಒಂದೇ ಕಡೆಗೆ ಹರಿಯಬಹುದು. ಎತ್ತಿದ ಬಕೆಟ್ ಇಳಿಯುವುದಿಲ್ಲ, ಅಥವಾ ತೋಳು ಅಲುಗುವುದೇ ಇಲ್ಲ. ಹೀಗಾದಾಗ ಆಕ್ಸಿಲರೇಟರ್ ಒತ್ತಿ ಲಿವರ್ ಎಳೆಯುವುದು ಕೆಟ್ಟ ಕ್ರಮ. ಎಣ್ಣೆ ಹೊರಹೋಗುವ ದಾರಿ ಸಿಲಿಂಡರಿನ ರಾಡ್ ಕಡೆ ಮುಚ್ಚಿದ್ದರೆ ಅಲ್ಲಿ ಒತ್ತಡ ಪಂಪಿನದಕ್ಕಿಂತ ಹೆಚ್ಚಾಗುತ್ತದೆ. 60 ಮಿ.ಮೀ. ಸಿಲಿಂಡರಿನಲ್ಲಿ 35 ಮಿ.ಮೀ. ರಾಡ್ ಇದ್ದು, ಪಂಪು 180 ಬಾರ್ ಕೊಟ್ಟರೆ ರಾಡ್ ಕಡೆ ಸುಮಾರು 270 ಬಾರ್ ಏಳಬಹುದು. ಸೀಲೋ ಹೋಸೋ ಅಲ್ಲೇ ಸೋಲುತ್ತದೆ. ಎತ್ತಿದ ಬಕೆಟ್ಟಿನ ಕೆಳಗೆ ಯಾರನ್ನೂ ಬಿಡದೆ, ಎಂಜಿನ್ ಆರಿಸಿ, ಬಕೆಟ್ಟಿಗೆ ಭದ್ರ ಆಧಾರ ಕೊಟ್ಟ ಮೇಲಷ್ಟೇ ಕಪ್ಲರ್ ಕಡೆ ಹೋಗಿ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ಸೂಜಿಮೊನೆಯಷ್ಟು ತೂತಿನಿಂದ ಚಿಮ್ಮುವ ಎಣ್ಣೆ ಚರ್ಮ ಸೀಳಿ ಒಳನುಗ್ಗುತ್ತದೆ. ಹೊರಗೆ ಕಾಣುವುದು ಚುಕ್ಕಿಯಷ್ಟು ಗಾಯ, ಮೊದಲಿಗೆ ನೋವೂ ಕಡಿಮೆ. ಒಳಗೆ ಮಾತ್ರ ಅಂಗಾಂಶ ಸಾಯುತ್ತ ಹೋಗುತ್ತದೆ, ತಡವಾದರೆ ಬೆರಳು, ಕೈ ಕಳೆದುಕೊಳ್ಳಬೇಕಾದೀತು. ಡೀಸೆಲ್ ಹೀಗೆ ಕೈಯೊಳಗೆ ನುಗ್ಗಿದ ಪ್ರಕರಣ ವೈದ್ಯಕೀಯ ಬರಹದಲ್ಲಿ 1937ರಲ್ಲೇ ದಾಖಲಾಗಿದೆ. ಹಾಗಾಗಿ ಸೋರಿಕೆಯನ್ನು ಬೆರಳಿಂದ ಸವರಿ ಎಂದೂ ಹುಡುಕಬೇಡಿ, ರಟ್ಟಿನ ತುಂಡು ಹಿಡಿದು ನೋಡಿ. ಎಣ್ಣೆ ಒಳಹೊಕ್ಕ ಅನುಮಾನ ಬಂದರೂ ಸಾಕು, ಅರಿಶಿನ ಮೆತ್ತಿ ಕೂರದೆ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ತಕ್ಷಣ ಹೋಗಿ, ಒತ್ತಡದ ಎಣ್ಣೆ ಹೊಕ್ಕಿದೆ ಎಂದು ಬಿಡಿಸಿ ಹೇಳಿ.

ಬಾಡಿಗೆ ಕೇಂದ್ರಗಳಿಂದ ಉಪಕರಣ ತರುವ ರೂಢಿ ಬೆಳೆದ ಹಾಗೆ ಒಂದೇ ಲೋಡರ್, ಒಂದೇ ಪಲ್ಟಿ ನೇಗಿಲು, ಒಂದೇ ಟಿಪ್ಪಿಂಗ್ ಟ್ರೈಲರ್ ಹತ್ತಾರು ಟ್ರ್ಯಾಕ್ಟರುಗಳಿಗೆ ಕೂಡಿ ಬಿಡುತ್ತಿದೆ. ಪ್ರತಿ ಕೂಡುವಿಕೆಯಲ್ಲೂ ಒಬ್ಬರ ಕೈ ಈ ಒತ್ತಡದ ಪಕ್ಕದಲ್ಲೇ ಇರುತ್ತದೆ. ಟ್ರ್ಯಾಕ್ಟರ್ ಕೀಲಿ ಕೊಡುವಾಗ ಮಾರಾಟಗಾರರು ಗೇರು, ಬ್ರೇಕು ತೋರಿಸುತ್ತಾರೆ. ಒತ್ತಡ ಇಳಿಸಿ ಹೋಸ್ ಬಿಚ್ಚುವುದನ್ನೂ ರೈತರ ಕೈಯಿಂದಲೇ ಮಾಡಿಸಿ ಕಳಿಸಬೇಕು. ಬಾಡಿಗೆ ಕೇಂದ್ರಗಳು ಪ್ರತಿ ಉಪಕರಣದ ಮೇಲೆ ಈ ಕ್ರಮವನ್ನು ಕನ್ನಡದಲ್ಲಿ ಬರೆದು ಅಂಟಿಸಬೇಕು. ರೈತರೂ ಕೇಳಿ ಕಲಿಯಬೇಕು. ಯಂತ್ರಕ್ಕೆ ಕೊಟ್ಟ ದುಡ್ಡಿನಲ್ಲಿ ಈ ಪಾಠದ ಹಕ್ಕೂ ಸೇರಿದೆ.