ತರಬೇತುದಾರನ ಸಾಧನೆಯನ್ನು ಅಳೆಯುವುದು ಹೇಗೆ?

ಭಾರತದಲ್ಲಿ ಕ್ರೀಡಾ ತರಬೇತುದಾರರಿಗೆ ಸಲ್ಲುವ ಅತಿ ದೊಡ್ಡ ಗೌರವ ದ್ರೋಣಾಚಾರ್ಯ ಪ್ರಶಸ್ತಿ. 1985ರಲ್ಲಿ ಆರಂಭವಾದಾಗ ಅದನ್ನು ಪಡೆದವರಲ್ಲಿ ಪಿ.ಟಿ. ಉಷಾ ಅವರ ಗುರು ಒ.ಎಂ. ನಂಬಿಯಾರ್ ಒಬ್ಬರು.

ಕೇಂದ್ರ ಕ್ರೀಡಾ ಸಚಿವಾಲಯ ಅರ್ಜಿ ಕರೆಯುತ್ತದೆ. ಈಚಿನ ವರ್ಷಗಳಲ್ಲಿ ತರಬೇತುದಾರರು ತಾವೇ ಆನ್‌ಲೈನ್‌ನಲ್ಲಿ ಅರ್ಜಿ ಹಾಕಬಹುದು. ಆಯ್ಕೆ ಸಮಿತಿ ಶಿಷ್ಯರ ಪದಕಗಳನ್ನು ನೋಡುತ್ತದೆ: ಒಲಿಂಪಿಕ್ಸ್, ವಿಶ್ವ ಚಾಂಪಿಯನ್‌ಷಿಪ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್ ಕೂಟಗಳ ಗೆಲುವಿಗೇ ಹೆಚ್ಚಿನ ತೂಕ. ಸಾಮಾನ್ಯ ವಿಭಾಗದಲ್ಲಿ ಹಿಂದಿನ ನಾಲ್ಕು ವರ್ಷಗಳ ಫಲಿತಾಂಶ ಮುಖ್ಯ. ಜೀವಮಾನ ವಿಭಾಗ ದಶಕಗಳ ದುಡಿಮೆಗೆ. ಸಮಿತಿ ಶಿಫಾರಸು ಮಾಡುತ್ತದೆ, ಸರ್ಕಾರ ತೀರ್ಮಾನಿಸುತ್ತದೆ, ರಾಷ್ಟ್ರಪತಿಗಳು ಪ್ರದಾನ ಮಾಡುತ್ತಾರೆ.

ಕರ್ನಾಟಕಕ್ಕೆ ಈ ಗೌರವ ಹಲವು ಬಾರಿ ಬಂದಿದೆ. ಈಜಿನ ನಿಹಾರ್ ಅಮೀನ್ 2015ರಲ್ಲಿ, ಬಾಕ್ಸಿಂಗ್‌ನ ಸಿ.ಎ. ಕುಟ್ಟಪ್ಪ 2018ರಲ್ಲಿ, ಹಾಕಿಯ ಜೂಡ್ ಫೆಲಿಕ್ಸ್ 2020ರಲ್ಲಿ ಪಡೆದರು. ಓಟಗಾರ್ತಿ ಅಶ್ವಿನಿ ನಾಚಪ್ಪ ಅವರನ್ನು ಬೆಳೆಸಿದ ಪುರುಷೋತ್ತಮ ರೈ ಅವರಿಗೂ ಅದೇ 2020ರಲ್ಲಿ ಜೀವಮಾನ ವಿಭಾಗದಲ್ಲಿ ಪ್ರಶಸ್ತಿ ಘೋಷಣೆಯಾಯಿತು. ಆದರೆ ಪ್ರದಾನದ ಹಿಂದಿನ ದಿನವೇ ಅವರು ತೀರಿಕೊಂಡರು. ಇಷ್ಟು ತಡವಾಗಿ ಗುರುತಿಸುವುದು ನ್ಯಾಯವಲ್ಲ.

ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿಯಲ್ಲಿ ದಾರಿಯೇ ಬೇರೆ. ಅಲ್ಲಿನ ಎನ್‌ಎಚ್‌ಎಲ್ ಲೀಗ್‌ನಲ್ಲಿ ತರಬೇತುದಾರರಿಗೆ ಕೊಡುವ ಜ್ಯಾಕ್ ಆಡಮ್ಸ್ ಪ್ರಶಸ್ತಿ 1974ರಿಂದ ಇದೆ. ಪಂದ್ಯಗಳ ನೇರ ಪ್ರಸಾರ ಮಾಡುವವರ ಸಂಘದ ಸದಸ್ಯರು ಮತ ಹಾಕುತ್ತಾರೆ. ಮೊದಲ ಆಯ್ಕೆಗೆ 5, ಎರಡನೆಯದಕ್ಕೆ 3, ಮೂರನೆಯದಕ್ಕೆ 1 ಅಂಕ. ನಾಕೌಟ್ ಹಂತಕ್ಕೆ ಮೊದಲೇ ಮತದಾನ ಮುಗಿಯುವುದರಿಂದ ಲೀಗ್‌ನ ಕಪ್ ಗೆದ್ದವನೇ ಪ್ರಶಸ್ತಿಗೂ ಭಾಜನನಾಗಬೇಕೆಂದಿಲ್ಲ. ಒಂಬತ್ತು ಬಾರಿ ಕಪ್ ಗೆಲ್ಲಿಸಿದ ಸ್ಕಾಟಿ ಬೌಮನ್‌ಗೆ ಈ ಪ್ರಶಸ್ತಿ ಬಂದದ್ದು ಎರಡೇ ಸಲ. ದುರ್ಬಲ ತಂಡವನ್ನು ಮೇಲೆತ್ತಿದವನ ಶ್ರಮ ಮತದಾರರಿಗೆ ಬೇಗ ಕಾಣುತ್ತದೆ.

ಪದಕ ಎಣಿಸುವ ಪದ್ಧತಿಯಲ್ಲಿ ಆ ಶ್ರಮ ಮರೆಯಾಗುವ ಸಂಭವ ಹೆಚ್ಚು. ಬೀದರ್ ನಗರದ ಮೈದಾನದಲ್ಲಿ, ಭಾಲ್ಕಿಯ ಶಾಲೆಯಲ್ಲಿ, ಔರಾದ್ ಸೀಮೆಯ ಕುಸ್ತಿಯ ತಾಲೀಮಿನಲ್ಲಿ ಮಗುವಿಗೆ ಮೊದಲ ಪಟ್ಟು ಕಲಿಸುವವರು ಪಿ.ಟಿ. ಮಾಸ್ತರರು, ವಸ್ತಾದರು. ಪ್ರತಿಭೆ ಬೆಂಗಳೂರು, ಪಟಿಯಾಲದ ಶಿಬಿರ ಸೇರಿದ ಮೇಲೆ ಗೆದ್ದ ಪದಕ ಸಾಮಾನ್ಯವಾಗಿ ಕೊನೆಯ ಗುರುವಿನ ಲೆಕ್ಕಕ್ಕೆ ಹೋಗುತ್ತದೆ. ಯಾರು ಯಾವ ವರ್ಷ ಯಾರ ಬಳಿ ಕಲಿತರೆಂಬ ದಾಖಲೆಯನ್ನು ತಾಲ್ಲೂಕು ಮಟ್ಟದಿಂದಲೇ ಇಟ್ಟರೆ ಮೊದಲ ಗುರುವಿನ ಹೆಸರೂ ಅರ್ಜಿಯವರೆಗೆ ತಲುಪೀತು.