ನಿಮ್ಮ ಟೇಬಲ್‌ನಲ್ಲೊಬ್ಬ ಉತ್ತರಕುಮಾರ ಇರಲಿ: ದುರ್ಬಲ ಪಾತ್ರ ಆಡೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತು ಟೇಬಲ್ ಸುತ್ತ ಕೂತು ಆಡುವ ರೋಲ್‌ಪ್ಲೇಯಿಂಗ್ ಗೇಮ್‌ಗಳ ಬಗ್ಗೆ ಮಾತಾಡೋಣ. ಪ್ರಶ್ನೆ ಒಂದೇ: ಬೇಕಂತಲೇ ಪುಕ್ಕಲನ ಪಾತ್ರ, ಎಡವಟ್ಟಿನ ಪಾತ್ರ ತಗೊಂಡ್ರೆ ಆಟ ಕೆಡುತ್ತಾ, ರುಚಿಯಾಗುತ್ತಾ?

ಹೊಸಬರಿಗೆ ಮೊದಲು ಪರಿಚಯ. ಮೈಸೂರಿನವರಿಗೆ ಮಣೆ ಆಟ ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಆಟಗಳನ್ನು ರೂಪಿಸಿದವರು. ಆದ್ರೆ ಚೌಕಾಬಾರದ ಕಾಯಿಗೆ ಭಯ ಇಲ್ಲ, ಜಂಬ ಇಲ್ಲ. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ತಂದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್'ನಲ್ಲಿ ಕಾಯಿಯೇ ಒಬ್ಬ ಮನುಷ್ಯ. ಒಬ್ಬರು ಗೇಮ್ ಮಾಸ್ಟರ್, ಅವರು ಸನ್ನಿವೇಶ ಹೇಳ್ತಾರೆ. ಉಳಿದವರು ತಮ್ಮ ಪಾತ್ರ ಏನು ಮಾಡುತ್ತೆ ಅಂತ ಹೇಳ್ತಾರೆ. ಫಲಿತಾಂಶ ಅನುಮಾನ ಇದ್ದಾಗ ದಾಳ ಉರುಳುತ್ತೆ.

ದುರ್ಬಲ ಅಂದ್ರೆ ಎಷ್ಟು ದುರ್ಬಲ?

ಒಂದು ಲೆಕ್ಕ ನೋಡಿ. ಗೋಡೆ ಹತ್ತೋಕೆ 20 ಮುಖದ ದಾಳದಲ್ಲಿ 15 ಬರಬೇಕು ಅಂದ್ಕೊಳ್ಳಿ. ಗಟ್ಟಿಗನಿಗೆ ದಾಳದ ಮೇಲೆ 3 ಸೇರುತ್ತೆ, ಬಡಕಲನಿಗೆ 1 ಕಳೆಯುತ್ತೆ. ಗಟ್ಟಿಗ 12 ಹಾಕಿದ್ರೆ ಸಾಕು, ಅಂದ್ರೆ ಗೆಲ್ಲುವ ಸಾಧ್ಯತೆ 45%. ಬಡಕಲನಿಗೆ 16 ಬೇಕು, ಅಂದ್ರೆ 25%. ನಾಲ್ಕು ಸಲದಲ್ಲಿ ಒಂದು ಸಲ ಅವನೂ ಹತ್ತುತ್ತಾನೆ! ಆ ಒಂದು ಸಲ ಟೇಬಲ್ ಪೂರ್ತಿ ಎದ್ದು ಕೂಗುತ್ತೆ ನೋಡಿ, ಅದೇ ಮಜಾ.

ಆಟ ಮಾಡಿದವರಿಗೂ ಇದು ಗೊತ್ತು. 1986ರ 'ಗರ್ಪ್ಸ್' ಆಟದಲ್ಲಿ ನಿಮ್ಮ ಪಾತ್ರಕ್ಕೆ ಒಂದು ದೋಷ ಒಪ್ಪಿಕೊಂಡ್ರೆ ಬೇರೆ ಕಡೆ ಖರ್ಚು ಮಾಡೋಕೆ ಪಾಯಿಂಟ್ ಸಿಗುತ್ತೆ. 1981ರ 'ಕಾಲ್ ಆಫ್ ಕ್ಥುಲು'ದಲ್ಲಿ ಆಡುವವರೆಲ್ಲ ಸಾಮಾನ್ಯ ಜನ. ಭಯಾನಕವಾದದ್ದು ಕಂಡಂತೆಲ್ಲ ಅವರ ಮನಸ್ಸಿನ ಸ್ಥಿಮಿತದ ಅಂಕ ಇಳಿಯುತ್ತಾ ಹೋಗುತ್ತೆ. 2014ರ ಡಿ ಅಂಡ್ ಡಿ ಆವೃತ್ತಿಯಲ್ಲಂತೂ ಪಾತ್ರದ ಹಾಳೆಯಲ್ಲೇ 'ದೋಷ' ಅಂತ ಒಂದು ಜಾಗ ಇದೆ.

ನಮ್ಮವನೇ ಒಬ್ಬ ಇದ್ದಾನೆ

'ಉತ್ತರನ ಪೌರುಷ ಒಲೆ ಮುಂದೆ' ಅನ್ನೋ ಗಾದೆ ಮನೇಲಿ ಕೇಳಿರ್ತೀರಿ. ಕುಮಾರವ್ಯಾಸನ ವಿರಾಟಪರ್ವದ ಉತ್ತರಕುಮಾರ ಹೆಂಗಸರ ಮುಂದೆ ಜಂಬ ಕೊಚ್ಚಿ ಯುದ್ಧಕ್ಕೆ ಹೊರಡ್ತಾನೆ. ಕೌರವರ ಸೇನೆ ಕಂಡ ತಕ್ಷಣ ರಥದಿಂದ ಹಾರಿ ಓಟ.

ಆದ್ರೆ ಇದನ್ನ ಆಟಗಾರರ ಕಣ್ಣಿಂದ ನೋಡಿ. ಅವನು ಓಡಿದ್ದರಿಂದಲೇ ಸಾರಥಿಯಾಗಿ ಕೂತಿದ್ದ ಬೃಹನ್ನಳೆ ಅರ್ಜುನನಾಗಿ ಎದ್ದು ನಿಲ್ಲಬೇಕಾಯ್ತು. ಬನ್ನಿ ಮರದಿಂದ ಗಾಂಡೀವ ಕೆಳಗಿಳೀತು. ದಸರಾ ದಿನ ಜಂಬೂಸವಾರಿ ಬನ್ನಿಮಂಟಪಕ್ಕೆ ಹೋಗುತ್ತಲ್ಲ, ಬನ್ನಿ ಪೂಜೆಗೆ ಹೇಳುವ ಕಥೆ ಇದೇ. ಉತ್ತರ ಶೂರನಾಗಿದ್ದಿದ್ರೆ ಅರ್ಜುನನಿಗೆ ಅಲ್ಲಿ ಕೆಲಸವೇ ಇರ್ತಿರಲಿಲ್ಲ. ಹಾಗೇ ಉತ್ತರ ಅಲ್ಲಿಗೇ ನಿಲ್ಲಲ್ಲ. ಅದೇ ರಥಕ್ಕೆ ಸಾರಥಿಯಾಗ್ತಾನೆ. ಮುಂದೆ ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಎದುರು ಕಾದಾಡಿ ಸಾಯ್ತಾನೆ. ಓಡಿದ ಹುಡುಗ ಕೊನೆಗೆ ಓಡಲಿಲ್ಲ.

ಒಳ್ಳೆಯ ದುರ್ಬಲ ಪಾತ್ರದ ಪರೀಕ್ಷೆ ಇಷ್ಟೇ: ನಿಮ್ಮ ದೌರ್ಬಲ್ಯ ಪಕ್ಕದವರಿಗೆ ಮಾಡೋಕೆ ಏನಾದ್ರೂ ಕೊಡ್ತಾ ಇದೆಯಾ?

ಎಲ್ಲಿ ಕೆಡುತ್ತೆ?

ನಾಲ್ಕು ಜನ ಫ್ರೆಂಡ್ಸ್, ವಾರಕ್ಕೊಂದು ಭಾನುವಾರ. ಒಬ್ಬ ಕಳ್ಳನ ಪಾತ್ರ ತಗೊಂಡು ಸ್ನೇಹಿತರ ದುಡ್ಡೇ ಕದೀತಾನೆ. ಕೇಳಿದ್ರೆ 'ನನ್ ಕ್ಯಾರೆಕ್ಟರ್ ಹಂಗೇ ಕಣೋ' ಅಂತಾನೆ. ಮೂರನೇ ವಾರ ಇಬ್ಬರು ಬರಲ್ಲ, ಐದನೇ ವಾರ ವಾಟ್ಸಾಪ್ ಗ್ರೂಪೇ ಸುಮ್ಮನಾಗುತ್ತೆ. ಪಾತ್ರದ ದೋಷಕ್ಕೆ ಬೆಲೆ ಕೊಟ್ಟಿದ್ದು ಪಾತ್ರ ಅಲ್ಲ, ಉಳಿದ ಮೂವರು. ಮುರಿದಿದ್ದೂ ಬರೀ ಆಟ ಅಲ್ಲ.

ಹಾಗಾಗದಿರಲು ನಾಲ್ಕು ಮಾತು:

ಒಂದು, ಮೊದಲೇ ಹೇಳಿ. ಆಟ ಶುರುವಾಗೋಕೆ ಮುಂಚೆ ಎಲ್ಲರೂ ಕೂತು ಮಾತಾಡೋದಕ್ಕೆ 'ಸೆಷನ್ ಝೀರೋ' ಅಂತಾರೆ. 'ನನ್ನವನು ಪುಕ್ಕಲ, ಪರವಾಗಿಲ್ವಾ?' ಅಂತ ಅಲ್ಲೇ ಕೇಳಿ.

ಎರಡು, ಒಂದೇ ದೋಷ ಸಾಕು, ಜೊತೆಗೆ ಒಂದು ಕೈಹಿಡಿಯುವ ಗುಣ ಇರಲಿ. ಕತ್ತಿ ಹಿಡಿಯೋಕೆ ಬರದವನಿಗೆ ದಾರಿ ಗೊತ್ತಿರಲಿ.

ಮೂರು, ಹೆದರಿದ್ರೂ ಏನಾದ್ರೂ ಮಾಡಿ. 'ನಾನು ಮೂಲೇಲಿ ಕೂತಿರ್ತೀನಿ' ಅಂದ್ರೆ ಕಥೆ ನಿಂತ್ಹೋಗುತ್ತೆ. 'ಓಡುವಾಗ ದೀಪ ಬೀಳಿಸಿದೆ' ಅಂದ್ರೆ ಎಲ್ಲರಿಗೂ ಕೆಲಸ ಸಿಗುತ್ತೆ.

ನಾಲ್ಕು, ಉಗ್ಗುವುದು, ಕುಂಟುವುದು ನಗೆಯ ಸರಕಲ್ಲ. ಅದನ್ನ ದಿನಾ ಬದುಕ್ತಿರೋರು ನಿಮ್ಮ ಪಕ್ಕದಲ್ಲೇ ಕೂತಿರಬಹುದು.

ಸೋಲೋಕೆ ಒಂದು ಜಾಗ

ಕರಾವಳಿ, ಮಲೆನಾಡು, ಕಾಸರಗೋಡಿನ ತಾಳಮದ್ದಳೆ ನೋಡಿ. ವೇಷ ಇಲ್ಲ, ಕುಣಿತ ಇಲ್ಲ. ಕಲಾವಿದರು ಕೂತಲ್ಲೇ, ಆಗಲೇ ಹುಟ್ಟುವ ಮಾತಲ್ಲಿ ಪಾತ್ರವಾಗ್ತಾರೆ. ವಾಲಿ ಸಾಯ್ತಾನೆ, ಕರ್ಣ ಸೋಲ್ತಾನೆ ಅನ್ನೋದು ಎಲ್ಲರಿಗೂ ಗೊತ್ತು. ಆದ್ರೂ ಆ ಪಾತ್ರ ವಹಿಸಿದವರು ಜೀವ ಬಿಟ್ಟು ವಾದಿಸ್ತಾರೆ. ಅಲ್ಲಿ ಸೋಲುವ ಪಾತ್ರ ಸಣ್ಣ ಪಾತ್ರ ಅಲ್ಲ.

ಸಿಇಟಿ ರ‍್ಯಾಂಕ್, ಇಂಟರ್‌ವ್ಯೂ, ಇನ್‌ಸ್ಟಾಗ್ರಾಂ, ಎಲ್ಲಾ ಕಡೆ ನಾವು ಗಟ್ಟಿಗರ ಪಾತ್ರವನ್ನೇ ಆಡ್ತಿರ್ತೀವಿ. ಭಾನುವಾರ ಸಂಜೆ ಮೂರು ಗಂಟೆ 'ನನಗೆ ಭಯ ಆಗ್ತಿದೆ, ಯಾರಾದ್ರೂ ಬನ್ನಿ' ಅನ್ನೋ ಪಾತ್ರ ಆಡಿ ನೋಡಿ. ಯಾರು ಬರ್ತಾರೆ ಅಂತಾನೂ ಗೊತ್ತಾಗುತ್ತೆ.

ನಿಮ್ಮ ಪಾತ್ರದ ದೋಷ ಯಾವುದು? ಕಾಮೆಂಟ್‌ನಲ್ಲಿ ಬರೀರಿ.